ಮಿರ್ಗದ ಟಗರಿಗೆ ಚೈತ್ರದ ನೆರಳು ಬೇಕು
ಹಗಲು, ಬಿಸಿಲು, ಮೇವು: ಗಡಿ ಭಾಗದ ಕುರಿ ಹಟ್ಟಿಯ ಮೂರು ಲೆಕ್ಕ

ಉಮರ್ಗಾ: ರೋಹಿಣಿ ಮಳೆ ನಾಲ್ಕು ಹನಿ ಉದುರಿಸಿ ಹೋಗಿ ಮಿರ್ಗ ಕೂಡುವ ಹೊತ್ತಿಗೆ ಗಡಿ ಭಾಗದ ಕುರಿ ಹಟ್ಟಿಗಳಲ್ಲಿ ಒಂದೇ ಮಾತು: 'ಟಗರ ಹತ್ತಲಿಕ್ಕತ್ತದೋ ಇಲ್ಲೋ?' ರೈತನಿಗೆ ಬಿತ್ತನೆ ಹೇಗೋ ಕುರುಬನಿಗೆ ಇದು ಹಾಗೆ. ಈ ಇಪ್ಪತ್ತು ದಿನದಲ್ಲಿ ಕುರಿ ಗಬ್ಬ ನಿಂತರೆ ದೀಪಾವಳಿ ಆಸುಪಾಸಿಗೆ ಮರಿ ಕೈಗೆ ಬಂತು. ನಿಲ್ಲದಿದ್ದರೆ ಅರ್ಧ ವರ್ಷ ಮೇಯಿಸಿದ್ದು ಬರೀ ಹಿಕ್ಕೆಗೆ.

ಕುರಿ ಗಬ್ಬ ನಿಲ್ಲಲಿಲ್ಲ ಎಂದಾಗ ಸಾಮಾನ್ಯವಾಗಿ ಬೈಗುಳ ಬೀಳುವುದು ಹೆಣ್ಣಿಗೆ. 'ಕುರಿ ಬರಡು ಬಿದ್ದದ' ಎಂದು ಸಂತೆಗೆ ಹೊಡೆದುಬಿಡುತ್ತಾರೆ. ಟಗರಿನ ಕಡೆ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಕೊಂಬು ದಪ್ಪ ಇದೆ, ಗುದ್ದಾಟಕ್ಕೆ ನಿಲ್ಲುತ್ತದೆ, ಇನ್ನೇನು ಬೇಕು ಎಂಬ ಲೆಕ್ಕ. ಆದರೆ ಟಗರಿನ ಗಂಡಸುತನಕ್ಕೂ ಋತುಮಾನವಿದೆ. ಅದರ ರಕ್ತದಲ್ಲಿ ಓಡುವ ಹಾರ್ಮೋನುಗಳು ಹಗಲಿನ ಉದ್ದಕ್ಕೆ, ಬಿಸಿಲಿನ ಕಾವಿಗೆ, ಹೊಟ್ಟೆಯೊಳಗಿನ ಮೇವಿಗೆ ತಕ್ಕಂತೆ ಏರುತ್ತವೆ, ಇಳಿಯುತ್ತವೆ. ಈ ಮೂರರಲ್ಲಿ ಯಾವುದು ನಮ್ಮ ಕಡೆ ಹೆಚ್ಚು ನಡೆಯುತ್ತದೆ ಎಂದು ತಿಳಿದರೆ ಕುರುಬನ ಜೇಬಿಗೇ ಲಾಭ.

ಒಂದು ಟಗರು, ಇಪ್ಪತ್ತು ಕುರಿ

ಉಮರ್ಗಾ, ನಿಲಂಗಾ, ಉದಗೀರ ಮೂರೂ ತಾಲ್ಲೂಕುಗಳಲ್ಲಿ ಕುರಿ ಸಾಕಣೆ ಹೊಸದಲ್ಲ. 1956ರ ರಾಜ್ಯ ಪುನರ್ವಿಂಗಡಣೆಗೆ ಮುಂಚೆ ಉದಗೀರ, ನಿಲಂಗಾ ಬೀದರ್ ಜಿಲ್ಲೆಯಲ್ಲೇ ಇದ್ದವು. ಗಡಿ ಗೆರೆ ಬಂದಿದ್ದು ಆಮೇಲೆ, ಕುರಿ ದಾರಿ ಇದ್ದದ್ದು ಮೊದಲು. ಮಾಂಜರಾ, ತೇರ್ಣಾ ದಂಡೆಯ ಮಂದಿಗೆ ಭಾಲ್ಕಿ, ಬಸವಕಲ್ಯಾಣದ ಕಡೆಯ ನಂಟು ಇವತ್ತಿಗೂ ಇದೆ. ಮನೆಯೊಳಗೆ 'ಟಗರು, ಬೆದೆ, ಗಬ್ಬ' ಎನ್ನುವವರು ದವಾಖಾನೆಯ ಬಾಗಿಲಲ್ಲಿ 'ಮೇಂಢಾ, ಮಾಜ, ಗಾಭಣ' ಎನ್ನುತ್ತಾರೆ. ಮಾತು ಎರಡು, ಕುರಿ ಒಂದೇ. ಆ ಕುರಿ ಬಹುತೇಕ ದಖ್ಖನಿ ತಳಿ. ಕರಿ ಉಣ್ಣೆಯ, ಕಂಬಳಿಗೆ ಹೆಸರಾದ, ಬರಗಾಲ ತಡೆಯುವ ಜಾತಿ.

ಮಹಾರಾಷ್ಟ್ರ ಸರ್ಕಾರ 2017ರಲ್ಲಿ ಧನಗರ ಸಮಾಜಕ್ಕಾಗಿ ತಂದ ರಾಜೇ ಯಶವಂತರಾವ್ ಹೋಳ್ಕರ್ ಮಹಾಮೇಶ ಯೋಜನೆಯಲ್ಲಿ ಒಂದು ಘಟಕವೆಂದರೆ 20 ಹೆಣ್ಣು ಕುರಿ, 1 ಟಗರು. ಪಶುವೈದ್ಯರು ಹೇಳುವ ಲೆಕ್ಕವೂ ಹೆಚ್ಚು ಕಡಿಮೆ ಇದೇ: ಒಂದು ಬಲಿತ ಟಗರಿಗೆ 20ರಿಂದ 30 ಕುರಿ. ಇದರ ಅರ್ಥ ಸರಳ. ಒಂದು ಕುರಿ ಕೆಟ್ಟರೆ ಒಂದು ಮರಿ ಹೋಯಿತು. ಟಗರು ಕೆಟ್ಟರೆ ಇಪ್ಪತ್ತು ಮರಿ ಹೋದವು.

ಕತ್ತಲೆ ಎಣಿಸುವ ಗ್ರಂಥಿ

ಟಗರಿನ ಮೆದುಳಿನ ಒಳಗೆ ಪಿನಿಯಲ್ ಎಂಬ ಚಿಕ್ಕ ಗ್ರಂಥಿಯಿದೆ. ಕತ್ತಲಾದಾಗ ಇದು ಮೆಲಟೋನಿನ್ ಎಂಬ ಹಾರ್ಮೋನು ಬಿಡುತ್ತದೆ. ಕಣ್ಣಿಗೆ ಬೆಳಕು ಬಿದ್ದ ಕೂಡಲೇ ನಿಲ್ಲಿಸುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಆರನ್ ಲರ್ನರ್ 1958ರಲ್ಲಿ ದನಗಳ ಪಿನಿಯಲ್ ಗ್ರಂಥಿಗಳಿಂದ ಇದನ್ನು ಬೇರ್ಪಡಿಸಿ ತೋರಿಸಿದರು. ರಾತ್ರಿ ಉದ್ದವಿದ್ದರೆ ಮೆಲಟೋನಿನ್ ಹೆಚ್ಚು ಹೊತ್ತು ಹರಿಯುತ್ತದೆ, ರಾತ್ರಿ ಗಿಡ್ಡವಾದರೆ ಕಡಿಮೆ ಹೊತ್ತು. ಹೀಗಾಗಿ ಗಡಿಯಾರ, ಪಂಚಾಂಗ ಯಾವುದೂ ಇಲ್ಲದೆ ಕುರಿಗೆ ಈಗ ಯಾವ ತಿಂಗಳು ಎಂಬುದು ಗೊತ್ತಾಗುತ್ತದೆ.

ಈ ಸುದ್ದಿ ಮೆದುಳಿನ ಹೈಪೊಥಲಾಮಸ್ ಎಂಬ ಭಾಗಕ್ಕೆ ಮುಟ್ಟುತ್ತದೆ. ಅಲ್ಲಿಂದ ಜಿಎನ್‌ಆರ್‌ಎಚ್ ಎಂಬ ಹಾರ್ಮೋನು ತುಸು ತುಸುವಾಗಿ, ನಾಡಿ ಬಡಿದಂತೆ ಹೊರಬೀಳುತ್ತದೆ. ಇದನ್ನು ಗುರುತಿಸುವ ಕೆಲಸಕ್ಕೆ ರೋಜರ್ ಗಿಲ್ಮಿನ್ ಕಸಾಯಿಖಾನೆಯಿಂದ ತಂದ ಕುರಿಗಳ ಮೆದುಳನ್ನೂ, ಆಂಡ್ರ್ಯೂ ಶಾಲಿ ಹಂದಿಗಳ ಮೆದುಳನ್ನೂ ಬಳಸಿದರು. ಮೆದುಳಿನ ಹಾರ್ಮೋನುಗಳ ಈ ಶೋಧಕ್ಕೆ ಇಬ್ಬರಿಗೂ 1977ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು.

ಜಿಎನ್‌ಆರ್‌ಎಚ್ ಬಡಿದಾಗ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನು ಬಿಡುತ್ತದೆ. ಎಲ್‌ಎಚ್ ಹೋಗಿ ವೃಷಣದಲ್ಲಿ ಟೆಸ್ಟೋಸ್ಟಿರೋನ್ ತಯಾರು ಮಾಡಿಸುತ್ತದೆ. ಟಗರು ಮೂಗು ಎತ್ತಿ ತುಟಿ ಮಡಚುವುದು, ಕುರಿಯ ಬೆನ್ನು ಹತ್ತುವುದು, ಇನ್ನೊಂದು ಟಗರನ್ನು ಕಂಡರೆ ಗುದ್ದುವುದು ಎಲ್ಲ ಇದರ ಆಟ. ಎಫ್‌ಎಸ್‌ಎಚ್‌ನ ಕೆಲಸ ವೃಷಣ ಬೆಳೆಸುವುದು, ವೀರ್ಯಾಣು ತಯಾರಿಗೆ ನೆರವಾಗುವುದು. ನಡಾವಳಿ ಬೇರೆ, ವೀರ್ಯ ಬೇರೆ ಎಂಬುದನ್ನು ಇಲ್ಲಿ ನೆನಪಿಡಬೇಕು. ಟಗರು ಹತ್ತಿದ ಮಾತ್ರಕ್ಕೆ ಕುರಿ ಗಬ್ಬ ನಿಂತಿತು ಎಂದಲ್ಲ.

ಎಡಿನ್‌ಬರೋದ ಟಗರುಗಳು

ಹಗಲಿನ ಉದ್ದವೇ ಇದಕ್ಕೆಲ್ಲ ಕೀಲಿಕೈ ಎಂಬುದನ್ನು ತೋರಿಸಿದ್ದು ಸ್ಕಾಟ್ಲೆಂಡಿನ ಎಡಿನ್‌ಬರೋದ ವಿಜ್ಞಾನಿಗಳಾದ ಜೆರಾಲ್ಡ್ ಲಿಂಕನ್ ಮತ್ತು ರೋಜರ್ ಶಾರ್ಟ್. 1970ರ ದಶಕದಲ್ಲಿ ಅವರು ಸೋಯೆ ಎಂಬ ಹಳೆಯ ತಳಿಯ ಟಗರುಗಳನ್ನು ಕೋಣೆಯಲ್ಲಿ ಕಟ್ಟಿ ದೀಪ ಹಚ್ಚಿ, ಆರಿಸಿ ನೋಡಿದರು. 16 ವಾರ ದಿನಕ್ಕೆ 16 ತಾಸು ಬೆಳಕು, ಆಮೇಲೆ 16 ವಾರ ದಿನಕ್ಕೆ 8 ತಾಸು ಬೆಳಕು. ಹೊರಗೆ ಯಾವ ತಿಂಗಳು ಇದ್ದರೂ ಟಗರು ನಂಬಿದ್ದು ದೀಪವನ್ನು. ಹಗಲು ಗಿಡ್ಡವಾದ ಕೆಲವೇ ವಾರಗಳಲ್ಲಿ ಎಲ್‌ಎಚ್, ಎಫ್‌ಎಸ್‌ಎಚ್ ಏರಿದವು, ಆಮೇಲೆ ವೃಷಣ ದಪ್ಪವಾಯಿತು, ಟೆಸ್ಟೋಸ್ಟಿರೋನ್ ಏರಿತು. ಹಗಲು ಉದ್ದವಾದಾಗ ಎಲ್ಲವೂ ಇಳಿದವು.

ಅಲ್ಲಿಯ ಕುರಿಗೆ ಇದು ಜೀವ ಉಳಿಸುವ ಉಪಾಯ. ಕುರಿ ಗಬ್ಬ ಹೊರುವುದು ಸುಮಾರು ಐದು ತಿಂಗಳು, 147ರಿಂದ 150 ದಿನ. ಹಗಲು ಗಿಡ್ಡವಾಗುವ ಅಕ್ಟೋಬರ್-ನವೆಂಬರ್‌ನಲ್ಲಿ ಕೂಡಿದರೆ ಹಿಮ ಕರಗಿ ಹುಲ್ಲು ಚಿಗುರುವ ಮಾರ್ಚ್-ಏಪ್ರಿಲ್‌ಗೆ ಮರಿ. ಬೇಸಿಗೆಯಲ್ಲಿ ಕೂಡಿ ಡಿಸೆಂಬರ್‌ನಲ್ಲಿ ಈದರೆ ಮರಿ ಚಳಿಗೆ ಸಾಯುತ್ತದೆ.

ನಮ್ಮಲ್ಲಿ ಎರಡೇ ತಾಸಿನ ಅಂತರ

ಹಾಗಾದರೆ ನಮ್ಮ ಟಗರಿಗೂ ಇದೇ ಲೆಕ್ಕವೇ? ಇಲ್ಲೇ ಇರುವುದು ವ್ಯತ್ಯಾಸ. ಎಡಿನ್‌ಬರೋ ಇರುವುದು 56 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ. ಅಲ್ಲಿ ಜೂನ್‌ನ ಹಗಲು ಹದಿನೇಳೂವರೆ ತಾಸು, ಡಿಸೆಂಬರ್‌ನ ಹಗಲು ಏಳು ತಾಸು. ಉಮರ್ಗಾ, ನಿಲಂಗಾ, ಉದಗೀರ ಇರುವುದು 18 ಡಿಗ್ರಿ ಆಸುಪಾಸು. ನಮ್ಮಲ್ಲಿ ಜೂನ್ 21ರ ಹಗಲು ಸುಮಾರು 13 ತಾಸು 10 ನಿಮಿಷ, ಡಿಸೆಂಬರ್ 22ರ ಹಗಲು ಸುಮಾರು 11 ತಾಸು. ಅಲ್ಲಿ ಹತ್ತೂವರೆ ತಾಸಿನ ಏರಿಳಿತ, ಇಲ್ಲಿ ಎರಡು ತಾಸಿನ ಮೇಲೆ ಹತ್ತು ನಿಮಿಷ.

ಅಂದರೆ ನಮ್ಮ ಟಗರಿಗೆ ಸೂರ್ಯ ಹೇಳುವ ಸುದ್ದಿ ಬಹಳ ಮೆತ್ತಗೆ. ಪಿನಿಯಲ್ ಗ್ರಂಥಿ ಇಲ್ಲಿಯ ಕುರಿಗೂ ಇದೆ, ರಾತ್ರಿ ಮೆಲಟೋನಿನ್ ಹರಿಯುತ್ತದೆ. ಆದರೆ ಅದರ ಮಾತೇ ಕೊನೆಯ ಮಾತಲ್ಲ. ಉಷ್ಣ ವಲಯದ ಟಗರುಗಳು ವರ್ಷದ ಹನ್ನೆರಡೂ ತಿಂಗಳು ವೀರ್ಯ ಕೊಡುತ್ತವೆ, ಪ್ರಮಾಣ ಮತ್ತು ಗುಣಮಟ್ಟ ಮಾತ್ರ ಏರುಪೇರಾಗುತ್ತದೆ.

ಇನ್ನೊಂದು ಮಾತು. ಬರೀ ಹಗಲಿನ ಉದ್ದವೇ ನಡೆಸುವಂತಿದ್ದರೆ ನಮ್ಮ ಕುರಿ ಮಿರ್ಗದಲ್ಲಿ ಕೂಡಲೇಬಾರದು. ಏಕೆಂದರೆ ಮಿರ್ಗ ಬರುವುದು ವರ್ಷದ ಅತಿ ಉದ್ದದ ಹಗಲಿನ ಹೊತ್ತಿಗೆ. ಎಡಿನ್‌ಬರೋದ ಟಗರು ತಣ್ಣಗೆ ಮಲಗುವ ದಿನಗಳಲ್ಲಿ ನಿಲಂಗಾದ ಟಗರು ಕೆಲಸಕ್ಕೆ ಇಳಿಯುತ್ತದೆ. ಕಾರಣ ಮಳೆ, ಹಸಿರು ಹುಲ್ಲು, ತಂಪು. ಜೂನ್ ಮಧ್ಯಕ್ಕೆ ಗಬ್ಬ ನಿಂತ ಕುರಿ ನವೆಂಬರ್ ಎರಡನೇ ವಾರಕ್ಕೆ ಈಯುತ್ತದೆ. ಆಗ ಸೋಯಾ, ಉದ್ದು, ಹೆಸರು ಕಿತ್ತ ಹೊಲ ಖಾಲಿ ಇರುತ್ತದೆ, ಬದುವಿನ ಹುಲ್ಲು ಇರುತ್ತದೆ, ಹಳ್ಳದಲ್ಲಿ ನೀರು ಇರುತ್ತದೆ. ತಾಯಿಗೆ ಹಾಲು, ಮರಿಗೆ ಜೀವ. ಅಲ್ಲಿಯ ಕುರಿ ಹಿಮ ಲೆಕ್ಕ ಹಾಕುತ್ತದೆ, ಇಲ್ಲಿಯದು ಮಳೆ ಲೆಕ್ಕ.

ಮೇವಿನ ಮಾತು ಬರೀ ಊಹೆಯಲ್ಲ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಮೆರಿನೋ ಟಗರುಗಳಿಗೆ ಲೂಪಿನ್ ಎಂಬ ಪ್ರೋಟೀನುಳ್ಳ ಕಾಳು ತಿನ್ನಿಸಿದಾಗ ಎಲ್‌ಎಚ್ ಬಡಿತ ಹೆಚ್ಚಿ, ವಾರಗಳಲ್ಲಿ ವೃಷಣದ ಗಾತ್ರ ಬೆಳೆದದ್ದು ಸಂಶೋಧನೆಗಳಲ್ಲಿ ಕಂಡುಬಂದಿದೆ. ಆ ಟಗರುಗಳಲ್ಲಿ ಹೊಟ್ಟೆಯ ಮಾತು ಹಗಲಿನ ಮಾತಿಗಿಂತ ಜೋರು. ನಮ್ಮ ಕಡೆಯೂ ಹಗಲು ಬದಲಿಸುವುದು ಯಾರ ಕೈಲೂ ಇಲ್ಲ, ಮೇವು ಬದಲಿಸುವುದು ಕೈಲಿದೆ.

ಎರಡು ತಿಂಗಳ ಹಿಂದಿನ ಕಥೆ

ಇನ್ನು ಮುಖ್ಯ ಮಾತು ಬಿಸಿಲಿನದು. ಟಗರಿನ ವೃಷಣದಲ್ಲಿ ಒಂದು ವೀರ್ಯಾಣು ಹುಟ್ಟಿ ರೂಪ ಪಡೆಯಲು ಸುಮಾರು 7 ವಾರ ಬೇಕು. ಅಲ್ಲಿಂದ ಹೊರಟು ನಾಳದಲ್ಲಿ ಬಲಿತು ಹೊರಬೀಳಲು ಇನ್ನೂ ಹತ್ತು-ಹನ್ನೆರಡು ದಿನ. ಒಟ್ಟು ಸರಿಸುಮಾರು ಎರಡು ತಿಂಗಳು. ಹಿಂದಕ್ಕೆ ಎಣಿಸಿ ನೋಡಿದರೆ ಜೂನ್ 15ಕ್ಕೆ ಕೆಲಸಕ್ಕೆ ಬರುವ ವೀರ್ಯದ ತಯಾರಿ ಶುರುವಾಗಿರುವುದು ಏಪ್ರಿಲ್ 15ರ ಸುಮಾರಿಗೆ. ಲಾತೂರ, ಧಾರಾಶಿವ ಜಿಲ್ಲೆಗಳಲ್ಲಿ ಪಾರಾ 40 ಡಿಗ್ರಿ ದಾಟುವ ದಿನಗಳವು.

ವೃಷಣ ಹೊರಗೆ ಜೋತುಬಿದ್ದಿರುವುದಕ್ಕೆ ಕಾರಣವೇ ತಂಪು. ಕುರಿಯ ಮೈಶಾಖ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು. ವೃಷಣ ಅದಕ್ಕಿಂತ ನಾಲ್ಕೈದು ಡಿಗ್ರಿ ತಣ್ಣಗಿದ್ದರೆ ಮಾತ್ರ ವೀರ್ಯಾಣು ಸರಿಯಾಗಿ ಬೆಳೆಯುತ್ತದೆ. ಬಿಸಿಲಿಗೆ ಚೀಲ ಕೆಳಗೆ ಜೋತುಬೀಳುತ್ತದೆ, ಅದರ ಚರ್ಮ ಬೆವರುತ್ತದೆ, ಒಳಗೆ ಹೋಗುವ ಬಿಸಿ ರಕ್ತವನ್ನು ಹೊರಗೆ ಬರುವ ತಣ್ಣನೆ ರಕ್ತ ತಂಪು ಮಾಡುತ್ತದೆ. ಇಷ್ಟಾದರೂ ನೆರಳಿಲ್ಲದ ಮಾಳದಲ್ಲಿ ಮಧ್ಯಾಹ್ನವೆಲ್ಲ ನಿಂತರೆ ಈ ಏರ್ಪಾಡು ಸೋಲುತ್ತದೆ. ವೀರ್ಯಾಣು ಸಾಯುತ್ತವೆ, ಬಾಲ ಮುರಿದವು, ತಲೆ ಸೊಟ್ಟಾದವು ಹೆಚ್ಚಾಗುತ್ತವೆ.

ಮೋಸ ಇರುವುದು ಇಲ್ಲೇ. ಬಿಸಿಲು ಹೊಡೆದ ದಿನ ಏನೂ ಕಾಣುವುದಿಲ್ಲ. ಎರಡು-ಮೂರು ವಾರದ ನಂತರ ವೀರ್ಯ ಕೆಡುತ್ತದೆ, ಸುಧಾರಿಸಲು ಎರಡು ತಿಂಗಳು ಹಿಡಿಯುತ್ತದೆ. ಮೇ ಕೊನೆಯ ಬಿಸಿಲಿನ ಪೆಟ್ಟು ಜೂನ್ ಕೊನೆಗೆ, ಮಳೆಯ ತಂಪಿನಲ್ಲಿ, ಹಸಿರಿನ ನಡುವೆ ಹೊರಬೀಳುತ್ತದೆ. ಟಗರು ಉಮೇದಿನಿಂದ ಹತ್ತುತ್ತದೆ, ಕುರಿ 17 ದಿನಕ್ಕೆ ಮತ್ತೆ ಬೆದೆಗೆ ಬರುತ್ತದೆ. 'ಮಳೆ ಚಲೋ ಆಗ್ಯದ, ಮೇವು ಅದ, ಕುರಿ ಯಾಕ ನಿಲ್ಲವಲ್ದು?' ಎಂದು ಕುರುಬ ತಲೆ ಕೆರೆದುಕೊಳ್ಳುತ್ತಾನೆ. ಉತ್ತರ ಇರುವುದು ಎರಡು ತಿಂಗಳ ಹಿಂದೆ.

2016ರ ಏಪ್ರಿಲ್‌ನಲ್ಲಿ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಮನುಷ್ಯರಿಗೇ ಆ ಗತಿ ಇದ್ದಾಗ ಮಾಳದ ಟಗರಿಗೆ ನೀರು ಕೇಳುವವರು ಯಾರು? ಅಂಥ ವರ್ಷ ಹೊಟ್ಟೆಗೂ ಇಲ್ಲ, ನೀರೂ ಇಲ್ಲ, ನೆರಳೂ ಇಲ್ಲ. ಮೂರು ಕಡೆಯಿಂದ ಪೆಟ್ಟು.

ಬಿಸಿಲಿನಂತೆ ಜ್ವರವೂ ಇದೇ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ, ಅದರ ಬೆನ್ನಿಗೆ ಸಣ್ಣ ನೊಣಗಳಿಂದ ಹರಡುವ ನೀಲಿ ನಾಲಿಗೆ ರೋಗ ಬಂದ ಟಗರು ಬದುಕಿದರೂ ಕೆಲವು ವಾರ ಅದರ ಮೇಲೆ ಭರವಸೆ ಇಡುವಂತಿಲ್ಲ. ಜ್ವರ ಬಿಟ್ಟ ಮೇಲೆ ಎರಡು ತಿಂಗಳು ಬೇರೆ ಟಗರು ನೋಡಿಕೊಳ್ಳುವುದು ಜಾಣತನ.

ಬಕ್ರೀದ್ ಮತ್ತು ಮಿರ್ಗ

ಟಗರಿನ ಹಾರ್ಮೋನು ಸೂರ್ಯನ ಲೆಕ್ಕದಲ್ಲಿ ನಡೆಯುತ್ತದೆ, ಪೇಟೆ ಚಂದ್ರನ ಲೆಕ್ಕದಲ್ಲಿ ನಡೆಯುತ್ತದೆ. ಬಕ್ರೀದ್ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಮುಂಚೆ ಬರುತ್ತದೆ. 2024ರಲ್ಲಿ ಜೂನ್ 17ಕ್ಕೆ ಬಂದಿತ್ತು, 2025ರಲ್ಲಿ ಜೂನ್ 7ಕ್ಕೆ ಬಂತು. ಅಂದರೆ ಸರಿಯಾಗಿ ಮಿರ್ಗದ ಬಾಗಿಲಿಗೆ. ಟಗರಿಗೆ ಒಳ್ಳೆ ರೇಟು ಸಿಗುವ ವಾರವೂ, ಹಟ್ಟಿಗೆ ಟಗರು ಬೇಕಾದ ವಾರವೂ ಒಂದೇ ಆಯಿತು.

ಇಲ್ಲಿ ಕುರುಬನ ಕಷ್ಟ ಅರ್ಥವಾಗುವಂಥದ್ದೇ. ಬಿತ್ತನೆಗೆ ಬೀಜ, ಮಕ್ಕಳ ಶಾಲೆಗೆ ಫೀಸು ಎಲ್ಲ ಜೂನ್‌ನಲ್ಲೇ. ಕಣ್ಣಿಗೆ ತುಂಬುವ ಟಗರನ್ನು ಯಾರೋ ಬಂದು ಕೇಳಿದರೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಆದರೆ ದಪ್ಪಗೆ, ಬೇಗ ಬೆಳೆದ ಗಂಡುಮರಿ ಮಾರಾಟಕ್ಕೆ, ಸೊರಗಿದ್ದು ಹಟ್ಟಿಗೆ ಎಂದಾದರೆ ನಾಲ್ಕಾರು ವರ್ಷದಲ್ಲಿ ಹಟ್ಟಿಯ ತಳಿಯೇ ಸೊರಗುತ್ತದೆ. ಮಾರಿದ ಟಗರಿನ ದುಡ್ಡು ಕೈಗೆ ಕಾಣುತ್ತದೆ, ಹುಟ್ಟದ ಮರಿಯ ದುಡ್ಡು ಕಾಣುವುದಿಲ್ಲ.

2030ರ ಹೊತ್ತಿಗೆ ಬಕ್ರೀದ್ ಏಪ್ರಿಲ್‌ಗೆ ಸರಿಯುತ್ತದೆ. ಆಗ ಟಗರು ಮಾರಿದವನಿಗೆ ಹೊಸ ಟಗರು ತಂದು ತಯಾರು ಮಾಡಲು ಎರಡು ತಿಂಗಳ ಸಮಯವಾದರೂ ಸಿಗುತ್ತದೆ. ಲೆಕ್ಕ ಇಟ್ಟುಕೊಂಡವನಿಗೆ ಅದು ಅನುಕೂಲ.

ಯುಗಾದಿಯಿಂದ ತಯಾರಿ

ಹಾಗಾದರೆ ಮಾಡಬೇಕಾದ್ದೇನು? ದೊಡ್ಡ ಖರ್ಚಿನ ಕೆಲಸವೇನಲ್ಲ. ಯುಗಾದಿ ಮುಗಿಯಿತು ಎಂದರೆ ಟಗರಿನ ತಯಾರಿ ಶುರು ಎಂದು ತಿಳಿದರೆ ಸಾಕು.

ಮೊದಲನೆಯದು ನೆರಳು. ಏಪ್ರಿಲ್, ಮೇ ಎರಡು ತಿಂಗಳು ಹನ್ನೊಂದರಿಂದ ನಾಲ್ಕರವರೆಗೆ ಟಗರು ಬೇವಿನ ಮರದ ಬುಡದಲ್ಲಿರಲಿ. ಮರವಿಲ್ಲದ ಕಡೆ ನಾಲ್ಕು ಗೂಟಕ್ಕೆ ತೊಗರಿ ಕಟ್ಟಿಗೆ ಹೊದಿಸಿದರೂ ನಡೆದೀತು. ತಗಡಿನ ಕೆಳಗೆ ಕಟ್ಟಬಾರದು, ಕಟ್ಟಿದರೆ ಮೇಲೆ ಕಣಿಕೆ ಹಾಸಬೇಕು. ಮೇಯಿಸುವುದು ಬೆಳಗಿನ ಜಾವ ಮತ್ತು ಸಂಜೆ. ನೀರು ದಿನಕ್ಕೆ ಎರಡು ಸಲವಾದರೂ ಬೇಕು.

ಎರಡನೆಯದು ಮೇವು. ಮಿರ್ಗಕ್ಕೆ ಆರರಿಂದ ಎಂಟು ವಾರ ಮುಂಚಿನಿಂದ ದಿನಾ ಕಾಲು ಕಿಲೋದಿಂದ ಅರ್ಧ ಕಿಲೋ ಕಾಳು, ಹಿಂಡಿ. ಒಮ್ಮೆಲೇ ಹಾಕದೆ ಹಿಡಿ ಹಿಡಿಯಾಗಿ ಹೆಚ್ಚಿಸಬೇಕು, ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ತೊಗರಿ ಹೊಟ್ಟು, ಕಡಲೆ ಹೊಟ್ಟು, ಜಾಲಿ ಕಾಯಿ ಇವು ಈ ಕಡೆ ಬೇಸಿಗೆಯಲ್ಲೂ ಸಿಗುವಂಥವು. ಹಾಗೆಂದು ಕೊಬ್ಬು ಏರಿಸಬಾರದು. ಬೊಜ್ಜು ಬಂದ ಟಗರು ಕುರಿ ಬೆನ್ನು ಹತ್ತುವುದಿಲ್ಲ.

ಮೂರನೆಯದು ತಪಾಸಣೆ. ಟಗರು ಬಿಡುವ ಮುಂಚೆ ಎರಡೂ ಬೀಜ ಕೈಯಿಂದ ಮುಟ್ಟಿ ನೋಡಬೇಕು. ಎರಡೂ ಸಮ ಇರಬೇಕು, ಗಟ್ಟಿ ಇರಬೇಕು, ಗಂಟು ಇರಬಾರದು, ನೋವು ಇರಬಾರದು. ಮೆತ್ತಗಾಗಿ, ಸಣ್ಣಗಾಗಿದ್ದರೆ ಅನುಮಾನ ಪಡಬೇಕು. ಕಾಲು, ಗೊರಸು, ಹಲ್ಲು, ಕಣ್ಣು ಕೂಡ ನೋಡಬೇಕು. ಪರೀಕ್ಷೆಗೆ, ಸಲಹೆಗೆ ದೂರ ಹೋಗಬೇಕಿಲ್ಲ. ನಾಗಪುರದ ಮಹಾರಾಷ್ಟ್ರ ಪಶು ಮತ್ತು ಮತ್ಸ್ಯ ವಿಜ್ಞಾನ ವಿಶ್ವವಿದ್ಯಾಲಯದ ಪಶುವೈದ್ಯ ಕಾಲೇಜು ಉದಗೀರದಲ್ಲೇ ಇದೆ. ಗಡಿಯಾಚೆ ಬೀದರ್‌ನಲ್ಲಿ ಕರ್ನಾಟಕದ ಪಶು ವಿಶ್ವವಿದ್ಯಾಲಯವೇ ಇದೆ.

ನಾಲ್ಕನೆಯದು ಅಗಲಿಕೆ. ಟಗರನ್ನು ಕುರಿಗಳ ಕಣ್ಣಿಗೆ, ಮೂಗಿಗೆ ಸಿಗದಂತೆ ಒಂದು ತಿಂಗಳು ದೂರ ಇಟ್ಟು ಒಮ್ಮೆಲೇ ಬಿಟ್ಟರೆ ಅದರ ಉಣ್ಣೆಯ ವಾಸನೆಗೇ ಕುರಿಗಳಲ್ಲಿ ಎಲ್‌ಎಚ್ ಏರಿ ಹೆಚ್ಚಿನವು ಹತ್ತಿರ ಹತ್ತಿರದ ದಿನಗಳಲ್ಲಿ ಬೆದೆಗೆ ಬರುತ್ತವೆ. 1944ರಲ್ಲೇ ಆಸ್ಟ್ರೇಲಿಯಾದವರು ಇದನ್ನು ಬರೆದಿಟ್ಟಿದ್ದಾರೆ. ಮರಿಗಳು ಒಂದೇ ಸುಮಾರಿಗೆ ಹುಟ್ಟಿದರೆ ಸಾಕಲೂ ಸುಲಭ, ಮಾರಲೂ ಸುಲಭ. ಮಂದೆಯಲ್ಲಿ ಟಗರು ಬೇರೆ ಕಟ್ಟಲು ಜಾಗವಿಲ್ಲದವರು ಎರಡು ಹಟ್ಟಿಯ ಟಗರುಗಳನ್ನು ಸೇರಿಸಿ ಒಬ್ಬರ ಕೈಲಿ ಬೇರೆ ಮೇಯಿಸಬಹುದು.

ಐದನೆಯದು ಬದಲಿ. ಎರಡು ವರ್ಷಕ್ಕೊಮ್ಮೆ ಟಗರು ಬದಲಾಯಿಸಬೇಕು, ಇಲ್ಲದಿದ್ದರೆ ಅಪ್ಪ-ಮಗಳ ಕೂಡಿಕೆಯಾಗಿ ಮರಿ ಸೊರಗುತ್ತವೆ. ಹೊಸ ಟಗರನ್ನು ಮಿರ್ಗದ ಹಿಂದಿನ ಸಂತೆಯಲ್ಲಿ ಅಲ್ಲ, ಹೋಳಿ-ಯುಗಾದಿ ಹೊತ್ತಿಗೇ ತರಬೇಕು. ಸಂತೆಯಲ್ಲಿ ನಿಂತ ಟಗರು ಹೋದ ಎರಡು ತಿಂಗಳು ಯಾವ ಬಿಸಿಲಲ್ಲಿ ಇತ್ತೋ, ಯಾವ ಜ್ವರದಲ್ಲಿ ಇತ್ತೋ ಹೇಳುವವರಿಲ್ಲ.

ಫಲಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಬಂಗಾಳದ ಗಾರೋಲ್ ಕುರಿಯ ಅವಳಿ ಮರಿ ಕೊಡುವ ಗುಣವನ್ನು ದಖ್ಖನಿ ಕುರಿಗೆ ತಂದು ನಾರಿ ಸುವರ್ಣ ಎಂಬ ತಳಿ ಬೆಳೆಸಿದೆ. ಒಂದರ ಬದಲು ಎರಡು ಮರಿ ಎಂದರೆ ಯಾರಿಗೆ ಬೇಡ? ಆದರೆ ಎಂಥ ತಳಿ ತಂದರೂ ಕುರಿ ಗಬ್ಬ ನಿಲ್ಲಬೇಕಾದರೆ ಟಗರು ಸರಿ ಇರಬೇಕು. ಅದಕ್ಕೆ ಬೇಕಾದದ್ದು ಮರದ ಬುಡ, ಒಂದು ಬಕೆಟ್ ನೀರು, ಎರಡು ಹಿಡಿ ಕಾಳು.

ಬರುವ ಯುಗಾದಿಗೆ ಬೇವು-ಬೆಲ್ಲ ತಿಂದ ಮೇಲೆ ಗಡಿ ಭಾಗದ ಕುರುಬರು ಒಂದು ಸಲ ಹಟ್ಟಿ ಕಡೆ ಹೋಗಿ ಟಗರು ಬಿಸಿಲಲ್ಲಿ ನಿಂತಿದೆಯೋ ನೆರಳಲ್ಲಿ ನಿಂತಿದೆಯೋ ನೋಡಿದರೆ ಒಳ್ಳೆಯದು. ದೀಪಾವಳಿಯ ಮರಿಗಳ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ.